ಅರಳಿಕೊಪ್ಪಲಿನ ಶನಿವಾರದ ಸಭೆ

ಫೆಬ್ರವರಿ 10, ಸೋಮವಾರ

ಮಂಡ್ಯ. ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸುವ ಆದೇಶದ ವಿರುದ್ಧ ಮೆರವಣಿಗೆ. ಸೇರಿದವರು ಪೊಲೀಸರ ಪ್ರಕಾರ ಮೂರು ಸಾವಿರ, ಪತ್ರಕರ್ತರ ಪ್ರಕಾರ ಹತ್ತು ಸಾವಿರ, ನಮ್ಮೂರಿನ ಪುಟ್ಟಸ್ವಾಮಿಯವರ ಪ್ರಕಾರ ಒಂದು ಲಕ್ಷ. ನಾನು ಖಚಿತವಾಗಿ ಹೇಳಬಹುದಾದದ್ದು ನನ್ನ ಮುಂದೆ ನಡೆಯುತ್ತಿದ್ದ ಹೆಂಗಸಿನ ಬೆನ್ನಿನ ಬಗ್ಗೆ ಮಾತ್ರ. ಹಸಿರು ಸೀರೆ, ಹೆಗಲ ಮೇಲಿನ ಪಿನ್ನು ಕಳಚಿತ್ತು.

ಹೋಗುವ ಯೋಚನೆ ಇರಲಿಲ್ಲ. ನಾನು ಲೈಬ್ರರಿ ನೋಡಿಕೊಳ್ಳುವ ಭಾರತೀನಗರದ ಕಾಲೇಜಿನವರು ಪಾರ್ಸೆಲ್ ಆಫೀಸಿನಿಂದ ಪುಸ್ತಕದ ಕಟ್ಟು ಬಿಡಿಸಿಕೊಂಡು ಬರಲು ಕಳಿಸಿದ್ದರು. ರಸ್ತೆ ದಾಟಲು ನಿಂತಿದ್ದಾಗ ದೇವಿರಮ್ಮ ಕೈ ಹಿಡಿದು ಎಳೆದುಕೊಂಡರು. ನಮ್ಮ ಅರಳಿಕೊಪ್ಪಲಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು, ನಮ್ಮ ಕಾಲೋನಿಯವರೇ, ಅಮ್ಮನ ಓರಗೆಯವರು.

"ಬಾರವ್ವ ವನಜ. ಇಸ್ಕೂಲು ಮುಚ್ಚುದ್ರೆ ನನ್ ಸೌಟು ಎಲ್ಲಿ ನೇತಾಕ್ಲಿ? ನಡಿ, ಒಸಿ ಕೂಗು."

"ನಂಗೆ ಕೂಗಕ್ಕೆ ಬರಲ್ಲ ದೊಡ್ಡವ್ವ."

"ಬಾಯಾರ ತೆಗಿ. ಸದ್ದು ಬ್ಯಾರೆಯೋರು ಮಾಡ್ತಾರೆ."

ಬಾಯಿ ತೆರೆದೆ. ಎರಡು ಕಿಲೋಮೀಟರು.

ಕೊನೆಯಲ್ಲಿ ಅಧಿಕಾರಿಯೊಬ್ಬರು ಮನವಿ ತೆಗೆದುಕೊಂಡರು. ಸದ್ಯಕ್ಕೆ ಯಾವ ಶಾಲೆಯನ್ನೂ ಮುಟ್ಟುವುದಿಲ್ಲ, ಜೂನ್ 30ರ ಎಣಿಕೆಯಲ್ಲಿ ಹತ್ತು ಮಕ್ಕಳಿದ್ದರೆ ಶಾಲೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು. ಜನ ಗೆದ್ದೆವೆಂದು ಶಿಳ್ಳೆ ಹಾಕಿದರು. ನಮ್ಮೂರ ಶಾಲೆಯಲ್ಲಿರುವವರು ಎಂಟು. ಎಂಟು ಹತ್ತಕ್ಕಿಂತ ಕಡಿಮೆ ಎಂಬುದು ಆ ಶಿಳ್ಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಪುಸ್ತಕದ ಕಟ್ಟು ಮರೆತು ಬಂದೆ.

ಫೆಬ್ರವರಿ 15, ಶನಿವಾರ

ಹೋರಾಟ ಸಮಿತಿಯ ಮೊದಲ ಸಭೆ. ಶಾಲೆಯ ಜಗುಲಿಯಲ್ಲಿ, ಮಧ್ಯಾಹ್ನ ಒಂದೂವರೆಗೆ. ನಲವತ್ತಮೂರು ಜನ. ಪುಟ್ಟಸ್ವಾಮಿಯವರು ಸಂಚಾಲಕರು. ಮೇಲಿನ ಬೀದಿಯವರು, ಹಿಂದೆ ಪಂಚಾಯ್ತಿ ಸದಸ್ಯರಾಗಿದ್ದವರು, ದನಿ ದೊಡ್ಡದು. ನನ್ನನ್ನು ನಡಾವಳಿ ಬರೆಯಲು ಕೂರಿಸಿದರು.

"ಮೇಡಮ್ಮೋರು ಲೈಬ್ರರಿಯೋರು. ಅಕ್ಸರ ದುಂಡಗಿರ್ತದೆ."

ಒಪ್ಪಿಕೊಂಡೆ. ಬರೆಯುವವರು ಮಾತಾಡಬೇಕಾಗಿಲ್ಲ, ಅದೊಂದು ಅನುಕೂಲ. ಗೆಲ್ಲುವವರೆಗೆ ಪ್ರತಿ ಶನಿವಾರ ಸೇರುವುದೆಂದು ಅವರು ತೀರ್ಮಾನಿಸಿದರು. ಎಲ್ಲರೂ ಕೈ ಎತ್ತಿದರು. ನನ್ನ ಕೈಯಲ್ಲಿ ಪೆನ್ನಿತ್ತು.

ಮಾರ್ಚ್ 1, ಶನಿವಾರ

ಹತ್ತೊಂಬತ್ತು ಜನ. ಚರ್ಚೆಯ ವಿಷಯ, ಜನ ಏಕೆ ಕಡಿಮೆಯಾದರು ಎಂಬುದು. ಬಂದವರು ಸೇರಿ ಬಾರದವರನ್ನು ಇಪ್ಪತ್ತು ನಿಮಿಷ ಬೈದರು. ಆಮೇಲೆ ಪುಟ್ಟಸ್ವಾಮಿಯವರು ಎದ್ದರು.

"ಸರ್ಕಾರಿ ಇಸ್ಕೂಲು ಅಂದ್ರೆ ಎತ್ತವ್ವ ಇದ್ದಂಗೆ ಕಣ್ರಪ್ಪ! ಎತ್ತವ್ವನ್ನ ಯಾರಾದ್ರೂ ಬೀದಿಗೆ..."

ಅಷ್ಟರಲ್ಲಿ ಹಾರನ್ನು. ಭಾರತೀನಗರದ ಕಾನ್ವೆಂಟಿನ ಹಳದಿ ವ್ಯಾನು. ಊರಲ್ಲಿ ವ್ಯಾನು ತಿರುಗಿಸಲು ಜಾಗವಿರುವುದು ಈ ಶಾಲೆಯ ಅಂಗಳದಲ್ಲಿ ಮಾತ್ರ. ಆದ್ದರಿಂದ ಮಕ್ಕಳನ್ನು ಇಳಿಸುವುದೂ ಇಲ್ಲೇ. ಹತ್ತೊಂಬತ್ತು ಜನರಲ್ಲಿ ಹನ್ನೊಂದು ಜನ ತಮ್ಮ ಮಕ್ಕಳ ಬ್ಯಾಗು ಇಸಿದುಕೊಳ್ಳಲು ಎದ್ದು ಹೋದರು. ಪುಟ್ಟಸ್ವಾಮಿಯವರು ಹೆತ್ತವ್ವನನ್ನು ಬೀದಿಯಲ್ಲೇ ಬಿಟ್ಟು ಮೊಮ್ಮಗ ಪುನೀತನ ನೀರಿನ ಬಾಟಲು ಹಿಡಿಯಲು ಹೋದರು. ಆ ಹನ್ನೊಂದರಲ್ಲಿ ನಾನೂ ಒಬ್ಬಳು. ನನ್ನ ಮಗಳು ಶೋಭಿತಾಳ ಬ್ಯಾಗು ನಾಲ್ಕೂವರೆ ಕಿಲೋ ಇದೆ.

ಎಣಿಸುವುದು ನನ್ನ ಚಾಳಿ. ವ್ಯಾನಿನಿಂದ ಇಳಿದ ಮಕ್ಕಳು ಇಪ್ಪತ್ತೆರಡು.

ನಡಾವಳಿಯಲ್ಲಿ ಹೀಗೆ ಬರೆದೆ: 1.50ರಿಂದ 2.00ರವರೆಗೆ ಕಾರಣಾಂತರದಿಂದ ವಿರಾಮ.

ವಿರಾಮದ ನಂತರ ಮರಳಿ ಕುಳಿತವರು ಎಂಟು ಮಂದಿ.

ಮಾರ್ಚ್ 15, ಶನಿವಾರ

ನಾಲ್ವರು. ಅವರಲ್ಲೊಬ್ಬರು ಕರೆಂಟು ಹೋಗಿದ್ದರಿಂದ ತಂಪಿಗೆ ಬಂದವರು. ಪುಟ್ಟಸ್ವಾಮಿಯವರು ಕಬ್ಬು ಕಟಾವಿನಲ್ಲಿದ್ದಾರೆ. ನಿವೃತ್ತ ಹೆಡ್‌ಮೇಷ್ಟ್ರು ಚಿಕ್ಕಬೋರಯ್ಯನವರು ಕಂಬಕ್ಕೊರಗಿ ನಗುತ್ತಿದ್ದರು. ನನಗೆ ಮಗ್ಗಿ ಕಲಿಸಿದವರು.

"ಚಳವಳಿ ಅಂದ್ರೆ ಹಾಲಿನ ಡೈರಿ ಇದ್ದಂಗೆ ಕಣಮ್ಮ. ಉದ್ಘಾಟನೆಗೆ ಊರೆಲ್ಲ ಬತ್ತದೆ. ಬೆಳಗ್ಗೆ ಸಂಜೆ ಕ್ಯಾನ್ ತರೋರು ಯಾರು ಅನ್ನೋದೇ ಲೆಕ್ಕ."

ಇದನ್ನು ನಡಾವಳಿಯಲ್ಲಿ ಬರೆಯಲೇ ಎಂದು ಕೇಳಿದೆ. ಬೇಡ, ಡೈರಿಯವರು ಬೇಜಾರು ಮಾಡ್ಕತಾರೆ ಎಂದರು.

ಶಾಲೆ ಬಿಟ್ಟಿದ್ದರೂ ಮಕ್ಕಳು ಅಂಗಳದಲ್ಲೇ ಇದ್ದವು, ಗೋಲಿಗೆ ಕಚ್ಚಾಡಿಕೊಂಡು. ದೇವಿರಮ್ಮ ಪಾತ್ರೆ ಉಜ್ಜುತ್ತಿದ್ದವರು ಅಲ್ಲಿಂದಲೇ ಕೂಗಿದರು. "ಸುಮ್ನೆ ಮೊಕಮೊಕ ನೋಡ್ಕಂಡ್ ಕುಂತಿದ್ದೀರಲ್ಲ, ಆ ಮಕ್ಳಿಗಾರ ಏನಾರ ಓದಿ ಯೋಳವ್ವ!"

ನಾನು ಓದುವವಳು, ಹೇಳುವವಳಲ್ಲ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಬ್ಯಾಗಿನಲ್ಲಿ ಉತ್ತರ ದೇಶದ ಯಾವುದೋ ಭಾಷೆಯಿಂದ ಬಂದ ಕಥೆಗಳ ಅನುವಾದವಿತ್ತು. ಹಿಮದಲ್ಲಿ ಹನ್ನೆರಡು ಮೈಲಿ ನಡೆದು ಒಂದೇ ಒಂದು ಕಾಗದ ತಲುಪಿಸುವ ಅಂಚೆಯವನ ಕಥೆ ತೆಗೆದೆ. ಅನುವಾದಕರು "ಹಿಮರಾಶಿಯ ಅಗಾಧ ಧವಳತೆ" ಎಂದು ಬರೆದಿದ್ದರು. ಎಂಟು ಮುಖಗಳು ನನ್ನನ್ನು ನೋಡಿದವು. "ಊರೆಲ್ಲ ಬೆಳ್ಳಗಾಗಿತ್ತು" ಎಂದು ಬದಲಿಸಿದೆ. ಮುದ್ರಿತ ವಾಕ್ಯವನ್ನು ಬಾಯಲ್ಲಿ ತಿದ್ದಿದ್ದು ಇದೇ ಮೊದಲು. ಇಲ್ಲಿಯವರೆಗೆ ಪೆನ್ಸಿಲಿನಲ್ಲಿ ಮಾತ್ರ.

"ಮಿಸ್, ಅಂಗೆ ಮಂಜು ಬಿದ್ರೆ ಕಬ್ಬು ಏನಾಯ್ತದೆ?" ಎಂದಳು ಪ್ರಿಯಾಂಕ ಎಂಬ ಹುಡುಗಿ, ಎರಡನೇ ಕ್ಲಾಸು.

ಅಲ್ಲಿ ಕಬ್ಬು ಬೆಳೆಯುವುದಿಲ್ಲ ಎಂದೆ.

"ಮತ್ತೆ ಅವ್ರು ಏನ್ ಮಾಡ್ತಾರೆ, ಸುಮ್ನೆ ಕುಂತಿರ್ತಾರಾ?"

ವ್ಯಾನು ಬಂತು. ಅಂಚೆಯವನು ಆರನೇ ಮೈಲಿಯಲ್ಲಿ ಉಳಿದ.

ಮಾರ್ಚ್ 29, ಶನಿವಾರ

ಸಭೆಗೆ ಇಬ್ಬರು, ನಾನು ಮತ್ತು ಮೇಷ್ಟ್ರು. ಕೋರಂ ಇಲ್ಲದ ಕಾರಣ ಮುಂದೂಡಲಾಯಿತು.

ಕಥೆಗೆ ಒಂಬತ್ತು ಮಂದಿ. ಎಂಟರ ಜೊತೆ ಶೋಭಿತಾ. ವ್ಯಾನಿನಿಂದಿಳಿದವಳು ಟೈ ಕಳಚಿ ಜೇಬಿಗೆ ತುರುಕಿಕೊಂಡು ಪ್ರಿಯಾಂಕಳ ಪಕ್ಕ ಕುಳಿತಳು. ಇದು ಸಭೆಯ ಕಲಾಪವಲ್ಲವಾದ್ದರಿಂದ ನಡಾವಳಿಯಲ್ಲಿ ಬರೆದಿಲ್ಲ.

ಏಪ್ರಿಲ್ 19, ಶನಿವಾರ

ಬೇಸಿಗೆ ರಜೆ. ಹೋರಾಟ ಮುಗಿದಂತೆಯೇ. ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರ ಹನ್ನೆರಡು ಜನರಿದ್ದಾರೆ. ಈ ವಾರ ಬಂದದ್ದು ಶುಭೋದಯದ ಚಿತ್ರಗಳು ನಲವತ್ತೊಂದು, ಒಂದು ಕಳೆದುಹೋದ ಎಮ್ಮೆ, "ನಮ್ಮ ಹೋರಾಟಕ್ಕೆ ಜಯವಾಗಲಿ" ಒಂದು. ಎಮ್ಮೆ ಸಿಕ್ಕಿತು.

ಒಂದೂವರೆಗೆ ನಮ್ಮ ಮನೆಯ ಗೇಟಿನ ಹತ್ತಿರ ಸದ್ದು. ಪ್ರಿಯಾಂಕ ಮತ್ತು ಇನ್ನಿಬ್ಬರು.

"ಮಿಸ್, ಇವತ್ತು ಸಭೆ ಇಲ್ವಾ?"

ಅವರು ಅದನ್ನು ಸಭೆ ಎನ್ನುತ್ತಾರೆ. ರಜೆ ಎಂದೆ. ಶಾಲೆಗೆ ರಜೆ, ಸಭೆಗೂ ರಜೆಯಾ ಎಂದು ಕೇಳಿದರು. ತಾರ್ಕಿಕವಾಗಿ ಸರಿಯಾದ ಪ್ರಶ್ನೆ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮೇ 10, ಶನಿವಾರ

ಮೇಲಿನ ಬೀದಿಯ ಮಕ್ಕಳೂ ಬರುತ್ತಿದ್ದಾರೆ, ಕಾನ್ವೆಂಟಿಗೂ ರಜೆಯಲ್ಲವೇ. ಪುನೀತ ಮುಂದಿನ ಸಾಲಿನಲ್ಲಿ ಕುಳಿತು, ಕಥೆಯ ನಡುವೆ ಯಾರಾದರೂ ಕೆಮ್ಮಿದರೆ "ಸುಮ್ನಿರ್ಲಾ ಲೇ" ಎನ್ನುತ್ತಾನೆ, ಥೇಟ್ ತಾತ. ಹಾಜರಿ ಬರೆಯುವ ಅಗತ್ಯವಿಲ್ಲ. (ಹದಿನೇಳು.)

ಮುಗಿದ ಮೇಲೆ ದೇವಿರಮ್ಮ ಮನೆಯಿಂದ ಮಜ್ಜಿಗೆ ತಂದಿದ್ದರು. ಶೋಭಿತಾ ಮತ್ತು ಶಾಲೆಯ ಎಂಟು ಮಕ್ಕಳು ಕುಡಿದರು. ಮೇಲಿನ ಬೀದಿಯವು ಬಾಯಾರಿಕೆ ಇಲ್ಲ ಎಂದವು. ಮೂವತ್ತೆಂಟು ಡಿಗ್ರಿ ಬಿಸಿಲಿತ್ತು. ಪುನೀತ ಲೋಟದ ಕಡೆ ನೋಡಿ, ಬೀದಿಯ ಕಡೆ ನೋಡಿ, ಓಡಿಹೋದ.

ರಜೆಯಲ್ಲಿ ಓದಲು ಇಟ್ಟುಕೊಂಡಿದ್ದ ದೊಡ್ಡ ಕಾದಂಬರಿ ಐವತ್ತನೇ ಪುಟದಲ್ಲೇ ಇದೆ. ಶನಿವಾರದ ಕಥೆಯನ್ನು ಹಿಂದಿನ ದಿನವೇ ನಮ್ಮ ಮಾತಿಗೆ ಇಳಿಸಿ ಬರೆದಿಟ್ಟುಕೊಳ್ಳುವುದರಲ್ಲಿ ಸಮಯ ಹೋಗುತ್ತಿದೆ. ಈ ತಿಂಗಳು ಏನೂ ಉಪಯುಕ್ತ ಕೆಲಸ ಮಾಡಿಲ್ಲ.

ಮೇ 31, ಶನಿವಾರ

ಶಾಲೆ ಶುರು. ಎಂಟರಲ್ಲಿ ಒಬ್ಬನನ್ನು ಅವರಪ್ಪ ಮಳವಳ್ಳಿಗೆ ಕರೆದುಕೊಂಡು ಹೋಗಿದ್ದಾರೆ. ಈಗ ಏಳು. ಎಣಿಕೆಗೆ ಒಂದು ತಿಂಗಳು.

ಸಭೆಗೆ ಅಚ್ಚರಿಯಂತೆ ಇಪ್ಪತ್ತನಾಲ್ಕು ಜನ. ಪುಟ್ಟಸ್ವಾಮಿಯವರು ಮಂಡ್ಯಕ್ಕೆ ಇನ್ನೊಂದು ಮೆರವಣಿಗೆ ಹೋಗಬೇಕೆಂದರು.

"ಈ ಸಲ ಎತ್ತಿನ ಗಾಡಿ ಕಟ್ಕಂಡೇ ಓಗವ. ಟೀವಿಯೋರು ಓಡ್ ಬರ್ಬೇಕು!"

ಚಪ್ಪಾಳೆ. ಶಾಲೆಯ ಒಬ್ಬರೇ ಟೀಚರು ಗಗನ ಅವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಸರ್ಕಾರಿ ನೌಕರರಾದ್ದರಿಂದ ಸಭೆಯಲ್ಲಿ ಕೂರುವಂತಿಲ್ಲ, ಬಾಗಿಲಲ್ಲಿ ನಿಲ್ಲಬಹುದು. "ಸಾರ್, ಗಾಡಿ ಬೇಡ, ಮೂರು ಮಕ್ಕಳು ಕೊಡಿ. ಹತ್ತಾಗುತ್ತೆ, ಆಮೇಲೆ ಯಾರೂ ಮುಚ್ಚಲ್ಲ" ಎಂದರು.

ಎಲ್ಲರೂ ನೆಲ ನೋಡಿದರು. ನಾನೂ ನೋಡಿದೆ. ನೆಲದಲ್ಲಿ ವಿಶೇಷವೇನೂ ಇರಲಿಲ್ಲ.

"ಮೂರೇನು ಮಾ ಲೆಕ್ಕ, ಮುವ್ವತ್ತು ಬತ್ತವೆ ಬುಡಿ ಮೇಡಂ" ಎಂದು ಪುಟ್ಟಸ್ವಾಮಿಯವರು ಗಾಡಿಗಳ ವಿಷಯಕ್ಕೆ ಮರಳಿದರು. ವ್ಯಾನು ಬಂತು. ವಿರಾಮ.

ಜೂನ್ 8, ಭಾನುವಾರ

ನನ್ನ ಗಂಡ ಕೆಂಪರಾಜುಗೆ ವಾರದ ರಜೆ. ಮದ್ದೂರು-ಮಳವಳ್ಳಿ ಬಸ್ಸಿನಲ್ಲಿ ಕಂಡಕ್ಟರು, ಆರು ದಿನ ನಿಂತೇ ಇರುವುದರಿಂದ ಏಳನೇ ದಿನ ಮಲಗಿಯೇ ಮಾತಾಡುತ್ತಾರೆ. ಕೋಳಿ ಸಾರು ಕುದಿಯುತ್ತಿದ್ದಾಗ, ಶೋಭಿತಾಳನ್ನು ನಮ್ಮ ಶಾಲೆಗೆ ಸೇರಿಸಿದರೆ ಹೇಗೆ ಎಂದು ಕೇಳಿದೆ. ಒಂದು ಸಾಧ್ಯತೆಯಾಗಿ ಮಾತ್ರ.

ಎದ್ದು ಕುಳಿತರು.

"ನಮ್ಮಪ್ಪ ಬಾಗ್ಲಾಚೆ ಕುಂತು ಓದಿದ ಇಸ್ಕೂಲು ಕಣೇ ಅದು. ದೇವಿರಮ್ಮ ಅಡಿಗೆಗೆ ಬಂದ್ ವರ್ಸ ಮೇಲಿನ್ ಬೀದಿ ಮಕ್ಳೆಲ್ಲ ಒಟ್ಗೆ ಇಂಗ್ಲೀಸ್ ಕಲಿಯಕ್ಕೆ ಕಾನ್ವೆಂಟ್ ಸೇರ್ಕಂಡ್ವಲ್ಲ, ಗೆಪ್ತಿ ಇಲ್ವಾ? ಅದೇನ್ ಇಂಗ್ಲೀಸ್ ಮೇಲಿನ್ ಪಿರೂತಿನಾ? ನಮ್ಮೋಳು ಮಾಡಿದ್ ಅನ್ನ ಅಂತ. ಅವ್ರು ಖಾಲಿ ಮಾಡವ್ರೆ, ನಾವ್ ತುಂಬ್ಬೇಕಾ? ಅವ್ರ್ ಮಕ್ಳು ಟೈ ಕಟ್ಕಳ್ಲಿ, ನಮ್ ಮಗ್ಳು ಇಸ್ಕೂಲ್ ಉಳಿಸ್ಲಿ. ಚೆನ್ನಾಗದೆ ನಿಮ್ ಓರಾಟ."

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಇರುವ ಏಳು ಮಕ್ಕಳೂ ಕಾಲೋನಿಯವರೇ. ಇದು ನನಗೆ ಗೊತ್ತಿತ್ತು. ನಾಲ್ಕು ತಿಂಗಳ ನಡಾವಳಿಯಲ್ಲಿ ಎಲ್ಲಿಯೂ ಬರೆದಿಲ್ಲ, ಏಕೆಂದರೆ ಯಾರೂ ಆಡಲಿಲ್ಲ. ಆಡದ್ದನ್ನು ಬರೆಯುವುದು ನಡಾವಳಿಯ ಕ್ರಮವಲ್ಲ.

ಸಾರು ತಳ ಹಿಡಿಯಿತು.

ಜೂನ್ 14, ಶನಿವಾರ

ದೇವಿರಮ್ಮ ವೈದ್ಯನಾಥಪುರದಲ್ಲಿರುವ ಮಗಳ ಮನೆಯಿಂದ ಮೊಮ್ಮಗಳನ್ನು ಕರೆತಂದು ಒಂದನೇ ಕ್ಲಾಸಿಗೆ ಸೇರಿಸಿದ್ದಾರೆ. ಎಂಟು. ಮಗಳು ಅಳುತ್ತಿದ್ದಾಳಂತೆ.

"ಸೌಟು ಉಳಿಸ್ಕಳಕ್ಕೆ ಮೊಮ್ಮಗಳ್ನ ತಂದ್ಲು ಅಂತಾರೆ ಜನ. ಅನ್ಲಿ ಬುಡು. ಸೌಟೂ ನಂದೇ, ಮೊಮ್ಮಗ್ಳೂ ನನ್ನೋಳೆಯ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಇಪ್ಪತ್ತು ಮಕ್ಳಿಗೆ ಬೇಯ್ಸಿ ಬೇಯ್ಸಿ ಕೈ ಅಳತೆ ಅಂಗೇ ಕುಂತ್ಬುಟ್ಟದೆ ಕಣವ್ವ. ಈಗ್ಲೂ ಒಂದ್ ಹಿಡಿ ಜಾಸ್ತಿನೇ ಬೀಳ್ತದೆ."

ಸಭೆಗೆ ಐದು ಜನ. ಎತ್ತಿನ ಗಾಡಿಗಳು ಸಿಗಲಿಲ್ಲ. ಈಗ ಎಲ್ಲರ ಹತ್ತಿರವೂ ಟ್ರ್ಯಾಕ್ಟರು.

ಜೂನ್ 21, ಶನಿವಾರ

ಮೇಷ್ಟ್ರು ಮತ್ತು ನಾನು ಮನೆಮನೆಗೆ ಹೋದೆವು. ಮೇಲಿನ ಬೀದಿ, ಹದಿನಾಲ್ಕು ಮನೆ. ಎಲ್ಲರೂ ಶಾಲೆ ಉಳಿಯಬೇಕು ಎಂದರು. ಎಲ್ಲರೂ ಕಾಫಿ ಕೊಟ್ಟರು, ನನಗೆ ಪೇಪರ್ ಲೋಟದಲ್ಲಿ. ಮೇಷ್ಟ್ರು ಮೂರನೇ ಮನೆಯಿಂದ ತಮಗೂ ಪೇಪರ್ ಲೋಟವೇ ಬೇಕೆಂದು ಹಟ ಹಿಡಿದರು. "ನಂಗೆ ಸ್ಟೀಲು ಆಗಕಿಲ್ಲ, ಡಾಕ್ಟ್ರು ಬ್ಯಾಡ ಅಂದವ್ರೆ." ಏಳನೇ ಮನೆಯ ಹೊತ್ತಿಗೆ ನನಗೆ ನಗು ತಡೆಯಲಾಗಲಿಲ್ಲ.

ಪುಟ್ಟಸ್ವಾಮಿಯವರ ಮನೆಯಲ್ಲಿ ಪುನೀತ ಓಡಿ ಬಂದು, ಅಂಚೆಯವನು ಹಿಂದಿರುಗಿ ಹೇಗೆ ಬಂದ ಎಂದು ಕೇಳಿದ. ಅದು ಪುಸ್ತಕದಲ್ಲಿಲ್ಲ, ನಾವೇ ಹೇಳಿಕೊಳ್ಳಬೇಕು ಎಂದೆ. ಅವನ ತಾತ ನನ್ನನ್ನು ನೋಡದೆ ಮೇಷ್ಟ್ರನ್ನು ನೋಡಿದರು.

"ನಂದೇನಿಲ್ಲ ಮೇಷ್ಟ್ರೇ. ಸೊಸೆ ಒಪ್ಪಕಿಲ್ಲ."

ಸೊಸೆ ಬಾಗಿಲ ಹಿಂದಿನಿಂದ "ನನ್ನ ಯಾರ್ ಕೇಳವ್ರೆ?" ಎಂದರು. ಪುಟ್ಟಸ್ವಾಮಿಯವರು ಜೋರಾಗಿ ಟೀವಿ ಹಾಕಿದರು.

ಇಪ್ಪತ್ತೊಂದು ಮಕ್ಕಳಿಗೆ ಹೋದವರು ಸೊನ್ನೆ ತಂದೆವು. ಹಿಂದಿರುಗುವಾಗ ಮೇಷ್ಟ್ರು ಕೇಳಿದರು. "ಎಲ್ಲಾರ್ ಮನೆ ಬಾಗ್ಲೂ ತಟ್ಟಿದ್ವಿ, ಒಂದ್ ಮನೆ ಬುಟ್ಟು. ಯಾವ್ದು ಯೋಳು?"

ನಮ್ಮದು.

ಜೂನ್ 24, ಮಂಗಳವಾರ

ಶೋಭಿತಾಳನ್ನು ಕೇಳಿದೆ. ಮಗುವನ್ನು ಚಳವಳಿಗೆ ಕೊಡುವುದು ತಪ್ಪು, ಮಗುವನ್ನು ಕೇಳದಿರುವುದೂ ತಪ್ಪು. ಎಂಟು ವರ್ಷದವಳಿಗೆ ವಿಷಯವನ್ನು ವಿಷಯದಂತೆಯೇ ಹೇಳಿದೆ: ಇಷ್ಟು ಮಕ್ಕಳು ಬೇಕು, ಇಷ್ಟು ಇದ್ದಾರೆ, ಕಾನ್ವೆಂಟಿನಲ್ಲಿ ಸಿಗುವುದು ಇಲ್ಲಿ ಸಿಗದು.

ಅವಳು ಯೋಚಿಸಿ ಷರತ್ತುಗಳನ್ನು ಹೇಳಿದಳು. ದಿನಾ ಸಂಜೆ ಇಂಗ್ಲಿಷ್ ನಾನೇ ಹೇಳಿಕೊಡಬೇಕು, ಬೈಯದೆ. ಪ್ರಿಯಾಂಕಳ ಪಕ್ಕ ಕೂರಿಸಬೇಕು. ಉಪ್ಪಿಟ್ಟಿನ ದಿನ ಮನೆಯಿಂದ ಡಬ್ಬಿ.

ಡಬ್ಬಿಗೆ ಒಪ್ಪಲಿಲ್ಲ. "ಎಲ್ಲರೂ ತಿನ್ನೋದನ್ನೇ ತಿನ್ನಬೇಕು" ಎಂದೆ. ನನ್ನ ದನಿ ಅಗತ್ಯಕ್ಕಿಂತ ಜೋರಾಗಿತ್ತು. ಅವಳು ಕಣ್ಣರಳಿಸಿ, "ಸರಿ ಮಮ್ಮಿ, ಅದಕ್ಯಾಕೆ ಭಾಷಣ ಮಾಡ್ತೀಯ" ಎಂದಳು.

ಜೂನ್ 26, ಗುರುವಾರ

ಕೆಂಪರಾಜು ಪಾಳಿ ಮುಗಿಸಿ ಸಂಜೆ ಬಂದರು. ಟೀ ಕೊಟ್ಟು, ಶೋಭಿತಾ ಒಪ್ಪಿದ್ದಾಳೆ ಎಂದೆ. ಕೂಗಾಡಲಿಲ್ಲ. ಬಹಳ ಹೊತ್ತು ಟೀ ಊದಿದರು.

"ಅವ್ಳು ಸೇರಿದ್ರೆ ಎಷ್ಟಾಯ್ತದೆ?"

"ಒಂಬತ್ತು."

"ಒಂಬತ್ತಾದ್ರೂ ಮುಚ್ತಾರೆ."

"ಮುಚ್ತಾರೆ."

"ಗೊತ್ತಿದ್ದೂ ಸೇರಿಸ್ತೀಯ?"

ಹತ್ತನೆಯದನ್ನು ಕೇಳಬೇಕೆಂದರೆ ಒಂಬತ್ತನೆಯದು ನಮ್ಮ ಕೈಯಲ್ಲಿರಬೇಕು ಎಂದೆ. ಬರಿಗೈಯಲ್ಲಿ ಹದಿನಾಲ್ಕು ಮನೆ ಸುತ್ತಿ ನೋಡಿದ್ದೇನೆ.

ಅವರು ಲೋಟ ಕೆಳಗಿಟ್ಟರು. "ಸರಿ. ಆದ್ರೆ ಒಂದ್ ಮಾತು. ಆ ಪುಟ್ಸಾಮಣ್ಣನ್ನ ಕೇಳು. ಮನೇಲಲ್ಲ, ಮೇಷ್ಟ್ರು ಕೈಲಿ ಕೇಳ್ಸದಲ್ಲ. ಸಭೇಲಿ, ಎಲ್ರ ಎದ್ರುಗೆ, ನೀನೇ ಕೇಳು. ಅವ್ನು ಮೊಮ್ಮಗನ್ನ ಕಳಿಸ್ಲಿ ಬುಡ್ಲಿ, ನೀ ಬಾಯ್ಬುಟ್ಟು ಕೇಳಿದ್ರೆ ನಂದೇನೂ ತಕರಾರಿಲ್ಲ. ಕೇಳ್ದೆ ಮಗೀನ್ ಸೇರಿಸ್ದೆ ಅನ್ನು, ನಾನ್ ಈ ಮನೇಲಿ ಮಾತಾಡಕಿಲ್ಲ."

"ನಂಗೆ ಸಭೇಲಿ ಮಾತಾಡಿ ಅಭ್ಯಾಸ ಇಲ್ಲ."

"ನಾಕ್ ತಿಂಗ್ಳಿಂದ ಇನ್ನೇನ್ ಮಾಡ್ತಿದ್ದೀಯ ಮತ್ತೆ?"

ಅವರು ಏನು ಹೇಳಿದರೋ ಸರಿಯಾಗಿ ಅರ್ಥವಾಗಲಿಲ್ಲ. ಮಕ್ಕಳಿಗೆ ಕಥೆ ಹೇಳುವುದು ಬೇರೆ.

ಜೂನ್ 27, ಶುಕ್ರವಾರ

ಗಗನ ಟೀಚರು ಫೋನು ಮಾಡಿದ್ದರು. ಸೋಮವಾರ ಬೆಳಗ್ಗೆ ಹತ್ತಕ್ಕೆ ಎಣಿಕೆಯವರು ಬರುತ್ತಾರೆ. ಅಂದರೆ ನಾಳೆಯದೇ ಕೊನೆಯ ಶನಿವಾರ. ಪುಟ್ಟಸ್ವಾಮಿಯವರು ಪತ್ರಕರ್ತರನ್ನು ಕರೆಸುತ್ತಿರುವುದರಿಂದ ಜನ ಸೇರುತ್ತಾರೆ, ಐವತ್ತಕ್ಕೆ ಕಡಿಮೆಯಿಲ್ಲ.

ದೇವಿರಮ್ಮನ ಮನೆಗೆ ಹೋಗಿ, ನಿಮ್ಮ ಹೆಸರು ಎತ್ತಬಹುದೇ ಎಂದು ಕೇಳಿ ಬಂದೆ. ಅವರ ಅಪ್ಪಣೆಯಿಲ್ಲದೆ ಎತ್ತುವಂಥದ್ದಲ್ಲ. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ಆರ್ ವರ್ಸ ಆಯ್ತು ಕಣವ್ವ, ಯಾರಾರ ಎತ್ತಾರಾ ಅಂತ ಕಾಯ್ತಿವ್ನಿ" ಎಂದರು.

ನಾಳೆ ನಡಾವಳಿ ಬರೆಯಲು ಮೇಷ್ಟ್ರಿಗೆ ಹೇಳಿದ್ದೇನೆ. ಅವರ ಕೈ ನಡುಗುತ್ತದೆ, ಅಕ್ಷರ ದುಂಡಗಿರುವುದಿಲ್ಲ. ಪರವಾಗಿಲ್ಲ.

ಒಂದೂ ಮುಕ್ಕಾಲಿಗೆ, ವ್ಯಾನು ಬರುವ ಮೊದಲೇ ಎದ್ದು ನಿಲ್ಲುತ್ತೇನೆ. ಶೋಭಿತಾ ಸೋಮವಾರದಿಂದ ಇಲ್ಲಿ ಓದುತ್ತಾಳೆ ಎಂದು ಹೇಳುತ್ತೇನೆ. ಆಮೇಲೆ ಪುಟ್ಟಸ್ವಾಮಿಯವರ ಕಡೆ ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಪುನೀತನನ್ನು ಕಳಿಸುತ್ತೀರಾ? ದೇವಿರಮ್ಮ ಬಡಿಸಿದ್ದನ್ನು ಅವನು ಉಣ್ಣಬಹುದಾ?

ಮೊದಲನೆಯದು ಸುಲಭ, ಸೊಸೆ ಒಪ್ಪುವುದಿಲ್ಲ ಎಂದುಬಿಡುತ್ತಾರೆ. ಎರಡನೆಯದನ್ನೇ ಮೊದಲು ಕೇಳುತ್ತೇನೆ.